ಅರ್ಧ ನಾಟಕದ ಪ್ಲೇಟುಗಳು

ಪೂರ್ತಿ ಬೆಲೆ ತೆತ್ತು ತಂದ ವಸ್ತುವಿನ ಮೇಲೆ ಇಲ್ಲದ ವ್ಯಾಮೋಹ ಚೌಕಾಸಿ ಮಾಡಿ ತಂದದ್ದರ ಮೇಲೆ ಮನುಷ್ಯನಿಗೆ ಹುಟ್ಟಿಬಿಡುತ್ತದೆ. ಹೊಸ ಕೊಡೆಯನ್ನು ಬಸ್ಸಿನಲ್ಲಿ ಮರೆತರೆ ಒಂದು ದಿನ ಪೇಚಾಡಿ ಸುಮ್ಮನಾಗುತ್ತೇವೆ. ಗುಜರಿಯವನ ಜೊತೆ ಗುದ್ದಾಡಿ ತಂದ ಕಿವಿ ಮುರಿದ ಕಪ್ಪನ್ನು ಯಾರಾದರೂ ಮುಟ್ಟಿದರೆ ಮೈಯೆಲ್ಲ ಉರಿಯುತ್ತದೆ. ನನ್ನ ಪಾಲಿಗೆ ಅಂಥ ವಸ್ತು ಹಳೆಯ ಗ್ರಾಮಫೋನ್ ಪ್ಲೇಟು. ಅದನ್ನು ಸಂಗೀತದ ಹುಚ್ಚು ಎಂದು ಕೆಲವರು ಗೌರವದಿಂದ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ತೋಡಿಗೂ ಭೈರವಿಗೂ ವ್ಯತ್ಯಾಸ ತಿಳಿಯದು. ಅಗ್ಗಕ್ಕೆ ಸಿಕ್ಕಿತೆಂಬ ರಾಗ ಒಂದೇ ನನ್ನ ಕಿವಿಗೆ ಹಿಡಿಸಿದ್ದು.

ಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ನಮ್ಮ ಮನೆಯ ಎರಡು ಪಕ್ಕಕ್ಕೂ ಖಾಲಿ ಸೈಟು, ಎದುರಿಗೆ ರಾಗಿ. ಎರಡು ರಸ್ತೆಯಾಚೆ ನಂಜುಂಡನ ಮನೆ. ನಾವಿಬ್ಬರೂ ಒಂದೇ ಕಚೇರಿಯ ಗುಮಾಸ್ತರು, ಒಂದೇ ಬಸ್ಸಿನ ಗಿರಾಕಿಗಳು, ಭಾನುವಾರ ಬಂತೆಂದರೆ ಪೇಟೆಯ ಗುಜರಿ ಸಂತೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಪ್ಲೇಟು ಕೆದಕುವ ಜೊತೆಗಾರರು. ಸಿರಿವಂತರು ಕರೆಂಟಿನಿಂದ ತಿರುಗುವ ಹೊಸ ಯಂತ್ರ ಕೊಳ್ಳುತ್ತಿದ್ದ ಕಾಲ ಅದು. ಅವರ ಮನೆಯ ಹಳೆಯ ಪ್ಲೇಟುಗಳೆಲ್ಲ ಒಡೆದ ಲಾಟೀನು, ತೂತು ಬಿದ್ದ ಹಂಡೆಗಳ ನಡುವೆ ಬಂದು ಬೀಳುತ್ತಿದ್ದವು. ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆಯ ಬಡವರಾದ ನಮಗೆ ಅದೇ ಸುಗ್ಗಿ.

ಒಂದು ಭಾನುವಾರ ನಾಲ್ಕು ಪ್ಲೇಟಿನ ನಾಟಕದ ಸೆಟ್ಟೊಂದು ಕಣ್ಣಿಗೆ ಬಿತ್ತು. ಇಬ್ಬರ ಕೈಯೂ ಒಟ್ಟಿಗೇ ಹೋಯಿತು. ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ. ಮುದುಕ ವ್ಯಾಪಾರಿ ರೇಗಿ, ಅಣ್ಣತಮ್ಮಂದಿರಿಗೆ ಹಿಸ್ಸೆ ಹಂಚಿದ ಹಾಗೆ ಮೇಲಿನೆರಡು ನನಗೆ, ಕೆಳಗಿನೆರಡು ಅವನಿಗೆ ಎಂದು ಕೊಟ್ಟುಬಿಟ್ಟ. ಅರಸನೊಬ್ಬ ಚಾಡಿಮಾತು ಕೇಳಿ ರಾಣಿಯನ್ನು ಕಾಡಿಗಟ್ಟುವವರೆಗಿನ ಕಥೆ ನನ್ನ ಪಾಲಿಗೆ ಬಂತು. ಅವನು ಪಶ್ಚಾತ್ತಾಪಪಟ್ಟು ಅವಳನ್ನು ಕರೆತರುವ ಭಾಗ ನಂಜುಂಡನಿಗೆ.

ಆ ಸಂಜೆಯೇ ಎರಡನ್ನೂ ಕೂಡಿಸಿ ಕೇಳೋಣವೆಂದು ಅವನು ಸಂಸಾರಸಮೇತ ನಮ್ಮ ಮನೆಗೆ ಬಂದ. ನನ್ನ ಎರಡು ಪ್ಲೇಟು ಮುಗಿದವು. ರಾಣಿ ಕಾಡಿನಲ್ಲಿ ನಿಂತು, ತನ್ನದೇನು ತಪ್ಪು ಎಂದು ಕೇಳಿದಳು. ಅವನ ಪ್ಲೇಟು ಹಾಕುವ ಹೊತ್ತಿಗೆ ನಂಜುಂಡ ನನ್ನ ಪೆಟ್ಟಿಗೆಯ ಮುಳ್ಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಒಂದು ಮುಳ್ಳನ್ನು ಒಂದೇ ಸಲ ಬಳಸಬೇಕೆಂಬುದು ಶಾಸ್ತ್ರ. ನಾನು ಒಂದು ಮುಳ್ಳಿನಲ್ಲಿ ತಿಂಗಳು ದೂಡುವವನು.

"ನಿನ್ನ ಪ್ಲೇಟನ್ನ ಹೆಂಗಾದ್ರೂ ಕೆರ್ಕೋ," ಎಂದ. "ನನ್ನದನ್ನ ಮುಟ್ಟಬೇಡ."

ಅವನ ಜಿಪುಣತನದ ಬಗ್ಗೆ ನನಗೆ ತಿಳಿದದ್ದನ್ನೆಲ್ಲ ನಾನು ಹೇಳಿದೆ. ತಿಳಿಯದ್ದನ್ನೂ ಸ್ವಲ್ಪ ಸೇರಿಸಿದೆನೆಂದು ಕಾಣುತ್ತದೆ. ಅವನು ಪ್ಲೇಟುಗಳನ್ನು ಕಂಕುಳಲ್ಲಿಟ್ಟುಕೊಂಡು, ಕಾಫಿ ಕುಡಿಯದೆ ಎದ್ದು ಹೋದ.

ಅಲ್ಲಿಂದ ಎರಡು ವರ್ಷ ಮಾತಿಲ್ಲ. ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ. ಕಚೇರಿಯಲ್ಲಿ ಅವನ ಮೇಜಿನಿಂದ ನನ್ನ ಮೇಜಿಗೆ ಕಡತ ಬರಬೇಕಾದರೆ ಜವಾನ ಅದನ್ನು ರಾಯಭಾರಿಯಂತೆ ಹೊತ್ತು ತರಬೇಕು. ಹೆಂಗಸರು ಮಾತ್ರ ಬುದ್ಧಿವಂತರು. ನನ್ನ ಹೆಂಡತಿಯೂ ಅವನ ಹೆಂಡತಿ ಸಾವಿತ್ರಮ್ಮನೂ ಸೌತೆಕಾಯಿ, ಹಪ್ಪಳ ಬದಲಾಯಿಸಿಕೊಳ್ಳುತ್ತ ಇದ್ದರು. ನಾನು ಹಟಕ್ಕೆ ಪ್ರತಿ ಭಾನುವಾರ ನನ್ನ ಅರ್ಧ ನಾಟಕ ಹಾಕುತ್ತಿದ್ದೆ. ಒಂದು ದಿನ ನನ್ನಾಕೆ ಮೊರ ಕೆಳಗಿಟ್ಟು, "ಆ ಹೆಂಗಸು ಎಷ್ಟು ದಿನದಿಂದ ಕಾಡಲ್ಲೇ ನಿಂತಿದ್ದಾಳೆ. ನಿಮಗೇನೂ ಅನ್ಸಲ್ವಾ?" ಎಂದಳು. ಅವಳು ಸಾವಿತ್ರಮ್ಮನ ಮನೆಯಲ್ಲಿ ಉಳಿದರ್ಧವನ್ನು ಕೇಳಿ ಬಂದಿದ್ದಳು. ಕೊನೆಗೆ ಅರಸ ಏನೆನ್ನುತ್ತಾನೆ ಎಂದು ಕೇಳಿದರೆ, ಬೇಕಿದ್ದರೆ ಹೋಗಿ ಕೇಳಿಕೊಳ್ಳಿ ಎನ್ನುತ್ತಿದ್ದಳು.

ಅಷ್ಟರಲ್ಲಿ ನಂಜುಂಡ ಬಸ್ಸಿನಿಂದ ಬಿದ್ದು ಬಲಗೈ ಮುರಿದುಕೊಂಡ. ಹಿಂದಿನ ಸೀಟಿನಲ್ಲಿದ್ದ ನಾನು ಇಳಿದು ಓಡುವಷ್ಟರಲ್ಲಿ ಯಾರೋ ಅವನನ್ನು ಜಟಕಾ ಹತ್ತಿಸಿದ್ದರು. ಅಂದು ಊಟ ಸೇರಲಿಲ್ಲ. ಮರುದಿನ ನನ್ನ ಪ್ಲೇಟುಗಳೆರಡನ್ನೂ ಪಂಚೆಯಲ್ಲಿ ಸುತ್ತಿಕೊಂಡು ಹೊರಟೆ. ಅವನಿಗೆ ಕೊಟ್ಟೇಬಿಡುವುದೆಂದು ತೀರ್ಮಾನ. ಆದರೆ ನಾನು ಹರಿಶ್ಚಂದ್ರನ ವಂಶದವನಲ್ಲ. ಅವನು ಕಣ್ಣೀರು ತಂದುಕೊಂಡು, ಬೇಡ, ನನ್ನವನ್ನೂ ನೀನೇ ಇಟ್ಟುಕೋ ಎನ್ನುವನೆಂದು ದಾರಿಯುದ್ದಕ್ಕೂ ಊಹಿಸಿಕೊಂಡೆ. ಎರಡು ಸಲ ನಿರಾಕರಿಸಿ ಮೂರನೆಯ ಸಲ ಒಪ್ಪುವುದೆಂದೂ ನಿಶ್ಚಯಿಸಿದ್ದೆ.

"ನಿನ್ನ ಹತ್ರಾನೇ ಇರಲಿ ಕಣೋ. ಸೆಟ್ಟು ಒಡೀಬಾರದು," ಎಂದೆ.

ನಂಜುಂಡ ಪ್ಲೇಟುಗಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ, "ಸರಿ, ಅಲ್ಲಿಡು," ಎಂದ.

ಅಷ್ಟೇ. ಸಾವಿತ್ರಮ್ಮ ಕಾಫಿ ತಂದರು. ಪೂರ್ತಿ ನಾಟಕ ಕೇಳೋಣವೆಂದು ಅವನೇ ಹೇಳಿದ. ಅವನ ಕೈ ಪಟ್ಟಿಯಲ್ಲಿದ್ದುದರಿಂದ ನಾನೇ ಕೀಲಿ ಕೊಟ್ಟೆ. ಅರಸನಿಗೆ ಸತ್ಯ ತಿಳಿಯಿತು, ಕಾಡಿಗೆ ಓಡಿದ, ರಾಣಿಯ ಮುಂದೆ ನಿಂತು "ದೇವೀ" ಎಂದ. ಅಲ್ಲಿ ಪ್ಲೇಟಿನ ಮೇಲೆ ಆಳವಾದ ಗೀರು. ಮುಳ್ಳು ಎಗರಿ ನೇರವಾಗಿ ಮಂಗಳಾರತಿಗೆ ಹೋಯಿತು. ಅರಸ ಕ್ಷಮೆ ಕೇಳಿದನೋ ಇಲ್ಲವೋ, ದೇವರೇ ಬಲ್ಲ. ನಂಜುಂಡ ಎಡಗೈಯಿಂದ ಕಣ್ಣೊರೆಸಿಕೊಂಡು, "ನಿನ್ನ ಪ್ಲೇಟು ಬಹಳ ಸವೆದಿದೆ ಕಣೋ," ಎಂದ.

ಗೀರಿನ ವಿಷಯ ಮೊದಲೇ ಯಾಕೆ ಹೇಳಲಿಲ್ಲವೆಂದು ಮನೆಗೆ ಬಂದು ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡೆ. "ಹೇಳೋಕೆ ಅಲ್ಲೇನಿತ್ತು?" ಎಂದು ಅವಳು ಅಕ್ಕಿ ಆರಿಸುತ್ತ ಕೂತಳು.

ಸ್ನೇಹ ಮರಳಿತು ಎಂದೇ ಜನ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತೇನೆ. ಭಾನುವಾರ ಸಂಜೆ ಅವನ ಮನೆಯಲ್ಲಿ ನಾಲ್ಕು ಜನ ಸೇರುತ್ತಿದ್ದರು. ಹೊಸಬರು ಬಂದರೆ ನಂಜುಂಡ ನನ್ನ ಹೆಗಲ ಮೇಲೆ ಕೈಯಿಟ್ಟು ಪರಿಚಯ ಮಾಡಿಕೊಡುತ್ತಿದ್ದ: "ನಮ್ಮ ಸ್ನೇಹಿತರು ಸಾರ್. ನಾಟಕ ಅಂದ್ರೆ ಪ್ರಾಣ ಬಿಡ್ತಾರೆ. ಪಾಪ, ಇವರ ಮನೇಲಿ ಒಂದು ಸೆಟ್ಟೂ ಇಲ್ಲ."

ಬಂದವರು ನನ್ನತ್ತ ಮರುಕದಿಂದ ನೋಡುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿ ಕೀಲಿ ತಿರುಗಿಸುತ್ತಿದ್ದೆ.