ಮುತ್ತವ್ವನ ಆಡು ಒಪ್ಪಲಿಲ್ಲ

ಬನಹಟ್ಟಿಯ ಮುತ್ತವ್ವನ ಆಡು ಮೂರು ತಿಂಗಳಿಂದ ಯಾವ ಹೋತವನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಓಣಿಯ ಗಂಡುಗಳೆಲ್ಲ ಒಂದೊಂದಾಗಿ ಬಂದು, ಗುದ್ದಿಸಿಕೊಂಡು ಹೋಗಿದ್ದವು.

"ಅದಕ್ಕ ಓಣ್ಯಾಗಿನವು ಕಣ್ಣಿಗೆ ಬರವಲ್ವು," ಎಂದಳು ಪಕ್ಕದ ಮನೆಯ ಬೋರವ್ವ. "ಚಿಮ್ಮಡದ ಹಣಮಂತನ ಹೋತ ತರಸ್ರಿ. ಅದನ್ನ ಬ್ಯಾಡ ಅಂದ ಆಡ ಇನ್ನೂ ಹುಟ್ಟಿಲ್ಲ."

ತರುವ ಕೆಲಸ ಮಗ ಬಸವಕುಮಾರನ ಪಾಲಿಗೆ ಬಂತು. ಪಂಚಾಯತಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಅದೇ ಭಾನುವಾರ ನಾಲ್ಕು ಗಂಟೆಗೆ ಮಹಾಲಿಂಗಪುರಕ್ಕೆ ಹೆಣ್ಣು ನೋಡಲು ಹೋಗುವುದಿತ್ತು. ಐದು ಕಡೆ ಕೂಡಿಬರದೆ, ಇದು ಆರನೆಯದು.

"ಮುಂಜಾನಿ ಹೋತ, ಸಂಜಿಮುಂದ ಹೆಣ್ಣು. ಎರಡೂ ಆಗತಾವ ತಗೊ," ಎಂದಳು ಮುತ್ತವ್ವ.

ಹಣಮಂತನ ಹೋತ ಕರುವಿನಷ್ಟಿತ್ತು. ಗಡ್ಡದಿಂದ ಹನಿ ತೊಟ್ಟಿಕ್ಕುತ್ತಿತ್ತು.

"ನೀರ ಕುಡದೈತೇನ?" ಎಂದು ಕೇಳಿದ ಬಸವಕುಮಾರ.

"ಅಲ್ರಿ, ತನ್ನ ಉಚ್ಚಿ ತಾನ ಹಚಗೊಂಡೈತಿ," ಎಂದ ಹಣಮಂತ. "ಹೆಣ್ಣಾಡ ರೂಪ ನೋಡಂಗಿಲ್ರಿ, ವಾಸನಿ ನೋಡಿ ಒಪ್ಪತೈತಿ. ಇದು ಅವಕ್ಕ ಅತ್ತರ ಇದ್ದಂಗ."

ಆಟೋದಲ್ಲಿ ಬಸವಕುಮಾರನ ತೊಡೆಯ ಮೇಲೆ ಹೋತ ಕುಳಿತಿತು. ರಸ್ತೆಯ ಪ್ರತಿ ತಗ್ಗಿಗೂ ತನ್ನ ಗಡ್ಡವನ್ನು ಅವನ ಕುತ್ತಿಗೆಗೆ ಒರೆಸಿತು. ಬನಹಟ್ಟಿ ಮುಟ್ಟುವ ಹೊತ್ತಿಗೆ ಇಬ್ಬರಲ್ಲಿ ಯಾರು ಯಾರೆಂದು ಕಣ್ಣು ಮುಚ್ಚಿದವರು ಹೇಳುವಂತಿರಲಿಲ್ಲ.

ಮುತ್ತವ್ವನ ಆಡು ಬಂದ ಅತಿಥಿಯನ್ನು ಒಮ್ಮೆ ಮೂಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಗುದ್ದಿತು. ಅಷ್ಟು ದೊಡ್ಡ ಹೋತ ನೀರಿನ ಬ್ಯಾರಲ್ಲಿನ ಹಿಂದೆ ಸೇರಿ, ಶಾಲೆಗೆ ತಡವಾಗಿ ಬಂದ ಮಾಸ್ತರನಂತೆ ಗೋಡೆ ನೋಡುತ್ತ ನಿಂತಿತು.

ಬಸವಕುಮಾರನನ್ನು ತೊಳೆಯಲು ಓಣಿಗೆ ಓಣಿಯೇ ನೆರೆಯಿತು. ಒಬ್ಬರು ಲಿಂಬೆಹಣ್ಣು ಎಂದರು, ಇನ್ನೊಬ್ಬರು ಕಡಲೆಹಿಟ್ಟು ಎಂದರು. ಬೋರವ್ವ ಲೋಬಾನದ ಹೊಗೆ ಹಾಕಿದಳು. ಮೂರು ಸ್ನಾನ, ಅರ್ಧ ಡಬ್ಬಿ ಪೌಡರು ಆದ ಮೇಲೆ ಅವನು ಪೂಜೆ ಮಾಡಿಸಿಕೊಂಡ ಹೋತದಂತೆ ನಾರತೊಡಗಿದ. ಜೊತೆಗೆ ಹೊರಟ ಸೋದರಮಾವ ಚಿದಾನಂದ ಬಸ್ಸಿನಲ್ಲಿ ಬೇರೆ ಸೀಟು ಹುಡುಕಿಕೊಂಡ.

ಹುಡುಗಿಯ ತಂದೆ ಮುರಗೆಪ್ಪನ ಅಂಗಳದಲ್ಲಿ ಆರು ಆಡುಗಳಿದ್ದವು. ಬಸವಕುಮಾರ ಒಳಗೆ ಕಾಲಿಟ್ಟದ್ದೇ ತಡ, ಆರೂ ಎದ್ದು ಬಾಲ ಕುಣಿಸಿದವು. ಒಂದಂತೂ ಹಗ್ಗ ಕಿತ್ತುಕೊಂಡು ಬಂದು ಅವನ ಅಂಗಿಗೆ ಮುಖ ಒತ್ತಿತು.

"ಹೊಸಬರ್ನ ಕಂಡ್ರ ಹಾಯಾಕ ಹೋಗತಾವ್ರಿ ಇವು," ಎಂದ ಮುರಗೆಪ್ಪ, ಕಣ್ಣರಳಿಸಿ. "ಮನಷ್ಯಾನ ಗುಣ ಅವಕ್ಕ ತಿಳಿತೈತಿ ನೋಡ್ರಿ."

ಹುಡುಗಿ ರಾಜಶ್ರೀ ಮುಧೋಳದ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಉಪ್ಪಿಟ್ಟು ತಂದಿಟ್ಟವಳು ಮೂಗು ಅರಳಿಸಿ, ತುಟಿ ಕಚ್ಚಿಕೊಂಡಳು. ತಿಂದಾದ ಮೇಲೆ ದೊಡ್ಡವರು ಇಬ್ಬರನ್ನೂ ಮಾತಾಡಲೆಂದು ಬೇವಿನ ಮರದ ಕೆಳಗೆ ಕಳಿಸಿದರು.

"ಹೋತ ಎಲ್ಲಿಂದ ತಂದ್ರಿ?" ಎಂಬುದೇ ಆಕೆಯ ಮೊದಲ ಪ್ರಶ್ನೆ.

ಬಸವಕುಮಾರ ಒಂದೂ ಬಿಡದೆ ಹೇಳಿದ. ಆಕೆ ನಕ್ಕ ರೀತಿಗೆ ಅವನಿಗೂ ನಗು ಬಂತು. ಹಿಂದಿನ ಐದು ಕಡೆ ಯಾರೂ ಅವನೊಡನೆ ಇಷ್ಟು ಮಾತಾಡಿರಲಿಲ್ಲ. ಈ ಸಲ ಆಗೇಬಿಟ್ಟಿತು ಅನ್ನಿಸಿತು.

"ಆಡಿನ ಹೊಟ್ಟಿ ಬಲಗಡೆ ಉಬ್ಬೈತೇನ್ರಿ?"

"ಉಬ್ಬೈತ್ರಿ. ತಿನ್ನೂದು ಜಾಸ್ತಿ ಆತಂತಾಳ ಅವ್ವ."

"ಅದು ಗಬ್ಬ ಐತ್ರಿ. ಮೂರ ತಿಂಗಳಾತಂದ್ರ ಇನ್ನೆರಡ ತಿಂಗಳಕ್ಕ ಮರಿ ಹಾಕತೈತಿ. ತನಗ ಬೇಕಾದ್ದನ್ನ ಅದು ಆವಾಗ ಆರಿಸ್ಕೊಂಡೈತಿ. ನೀವ ಸುಮ್ನ ಊರಾಗಿನ ಹೋತೆಲ್ಲಾ ತಂದ ನಿಲ್ಲಸಾಕತ್ತೀರಿ."

ಆಕೆ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ನಂದೂ ಹಂಗ ಐತ್ರಿ."

ಬಸವಕುಮಾರ ಹೌಹಾರಿದ.

"ಆರಿಸ್ಕೊಂಡೇನಿ ಅಂತ್ರಿ, ಅಷ್ಟ. ಬೀಳಗಿಯವ್ರ ಒಬ್ರು ಅದಾರ, ನನ್ನ ಜೋಡಿನ ಕೆಲಸ ಮಾಡ್ತಾರ. ಅಪ್ಪಗ ಹೇಳಾಕ ಇನ್ನೊಂದ ತಿಂಗಳ ಬೇಕು. ಈಗ ನೀವ ಒಲ್ಲೆ ಅಂದ್ರ ಭಾಳ ಉಪಕಾರ ಆಗತೈತಿ."

ವಾಸನೆಯ ನೆಪ ಹೇಳಿ ಆಕೆ ಅವನನ್ನು ಸಾಗಹಾಕಬಹುದಿತ್ತು. ಹಾಗೆ ಮಾಡದೆ ಇದ್ದದ್ದನ್ನೇ ಹೇಳಿದ್ದಳು. ಅದು ಬಸವಕುಮಾರನಿಗೆ ಹಿಡಿಸಿತು. "ಆತ್ರಿ," ಎಂದ.

ಒಳಗೆ ಬಂದು, "ಹುಡುಗಿ ಛಲೋ ಅದಾಳ್ರಿ. ನನಗ ಕೂಡಂಗಿಲ್ರಿ," ಎಂದುಬಿಟ್ಟ.

ಮುರಗೆಪ್ಪನ ಮುಖ ಸಣ್ಣದಾಯಿತು. "ನಮ್ಮ ಆರೂ ಆಡ ಒಪ್ಪಿದ್ವಲ್ರಿ."

ಚಿದಾನಂದ ದಾರಿಯುದ್ದಕ್ಕೂ ಬೈದ. ಬಸವಕುಮಾರ ಕಿಟಕಿಯ ಪಕ್ಕ ಕುಳಿತು ಕಬ್ಬಿನ ಹೊಲಗಳನ್ನು ನೋಡುತ್ತಿದ್ದ. ಗಾಳಿ ತಂಪಾಗಿತ್ತು, ಉಪ್ಪಿಟ್ಟೂ ರುಚಿಯಾಗಿತ್ತು. ಯಾಕೋ ಬೇಸರವೇ ಬರಲಿಲ್ಲ.

ಮನೆಯ ಬಾಗಿಲಲ್ಲಿ ಮುತ್ತವ್ವ, ಬೋರವ್ವ, ಅರ್ಧ ಓಣಿ ಕಾದು ನಿಂತಿತ್ತು.

"ಏನಂದ್ಲೋ ಹುಡುಗಿ?" ಎಂದು ಕೇಳಿದಳು ಮುತ್ತವ್ವ.

ಬಸವಕುಮಾರ ಚಪ್ಪಲಿ ಬಿಟ್ಟ.

"ಇನ್ನೆರಡ ತಿಂಗಳಕ್ಕ ಮರಿ ಆಗತಾವಂತವ್ವಾ," ಎಂದ.