ಗೋಲು ಹೊಡೆಯದವನ ಭಕ್ತ

"ನನ್ನ ಸೋದರಮಾವನಿಗೆ ಹುಚ್ಚಿಲ್ಲ" ಎಂಬ ವಿಷಯದ ಪರವಾಗಿ ಮಾತಾಡಲು ನನ್ನನ್ನು ವೇದಿಕೆ ಹತ್ತಿಸಿದರೆ ನಾನು ಸೋಲುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನೆಲ್ಲ ಪಣಕ್ಕಿಟ್ಟು ಹೇಳುತ್ತೇನೆ, ಸೋಲು ಖಚಿತ!

ಬೀರೂರಿನಲ್ಲಿ ಹಳಿ ಬದಲಿಸಿ ರೈಲುಗಳಿಗೆ ದಾರಿ ಮಾಡಿಕೊಡುವ ರೈಲ್ವೆ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದ ಈ ಮನುಷ್ಯ ಭಕ್ತಿ ಇಟ್ಟಿರುವುದು ಮಠದ ಸ್ವಾಮಿಗಳ ಮೇಲಲ್ಲ, ಇಂಗ್ಲೆಂಡಿನ ಒಬ್ಬ ನಿವೃತ್ತ ಫುಟ್‌ಬಾಲ್ ಆಟಗಾರನ ಮೇಲೆ. ಅದೂ ಗೋಲು ಹೊಡೆಯುವವನಲ್ಲ, ತಡೆಯುವವನು. ಡಿಫೆಂಡರ್! ಆ ಹೆಸರಿಗೆ ನಾಲಿಗೆ ಹೊರಳುವುದಿಲ್ಲವಾದ್ದರಿಂದ ಮಾವನ ಪಾಲಿಗೆ ಅವನು "ನಮ್ಮೋನು". ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ನೋಡಿ ನೋಡಿ ಅವನ ಇಡೀ ವೃತ್ತಿಜೀವನ ಬಾಯಿಪಾಠವಾಗಿದೆ. ಹದಿನಾರಕ್ಕೇ "ಓಟ ಸಾಲದು" ಎಂದು ದೊಡ್ಡ ತಂಡ ಕೈಬಿಟ್ಟದ್ದು, ಚಿಕ್ಕ ತಂಡವೊಂದರ ಕೆಸರಿನಲ್ಲಿ ಉರುಳಾಡಿ ಮೇಲೆ ಬಂದದ್ದು, ಹಣೆ ಒಡೆದರೂ ಬ್ಯಾಂಡೇಜು ಸುತ್ತಿಕೊಂಡೇ ಆಡಿದ್ದು, ದೇಶದ ತಂಡದವರು ಕರೆದು ಬರೀ ಬೆಂಚಿನ ಮೇಲೆ ಕೂರಿಸಿ ಕಳಿಸಿದ್ದು, ಕೊನೆಗೆ ಮಂಡಿ ಹೋಗಿ ಕುಂಟುತ್ತಾ ಮೈದಾನ ಬಿಟ್ಟದ್ದು. ಕೇಳಿ ಮುಗಿಸಲು ಎರಡು ಗಂಟೆ ಬೇಕು!

ಒಂದೇ ಕಡೆ ಮಾವನ ದನಿ ಇಳಿಯುತ್ತದೆ. ಒಮ್ಮೆ ಅವನು ತನ್ನದೇ ತಂಡದ ಗೋಲಿಗೆ ಚೆಂಡು ಹೊಡೆದುಬಿಟ್ಟನಂತೆ. "ಅದೊಂದು ಬಿಡು," ಎಂದು ಮೂಗುಜ್ಜಿಕೊಂಡು ಮಾವ ಮುಂದಕ್ಕೆ ಹೋಗುತ್ತಾನೆ. ಲೋಕದಲ್ಲಿ ಅಷ್ಟೊಂದು ಆಟಗಾರರಿರುವಾಗ ಇವನೇ ಏಕೆ? ನನಗದು ತೀರದ ಕುತೂಹಲ.

"ಎಷ್ಟು ಗೋಲು ಹೊಡ್ದಿದಾನೆ ಮಾವ, ನಿಮ್ಮೋನು?"

"ಲೇ, ಎಷ್ಟು ತಡ್ದಿದಾನೆ ಅಂತ ಕೇಳೇ!"

"ಆಗದೇ ಇದ್ದಿದ್ದಕ್ಕೆ ಸಾಕ್ಷಿ ಏನು?"

"ಇಷ್ಟು ವರ್ಷ ನಾನು ಪಾಯಿಂಟ್ ಹಾಕ್ದೆ. ರೈಲಿಗೆ ರೈಲು ಗುದ್ಲಿಲ್ಲ. ಯಾರಾದ್ರೂ ಬಂದು ಹಾರ ಹಾಕಿದ್ರಾ?"

ಇದೂ ಒಂದು ವಾದವೇ? ನೀವೇ ಹೇಳಿ!

ನನ್ನ ಕಷ್ಟ ಬೇರೆಯದು. ಒಳ್ಳೆಯ ಗಂಡು ಒಪ್ಪಿದ ದಿನ ನನ್ನ ಕಾನೂನು ಓದು ಬಂದ್ ಎಂದು ಕಡೂರಿನ ನಮ್ಮ ಮನೆಯಲ್ಲಿ ಅಪ್ಪನ ತೀರ್ಪಾಗಿತ್ತು. ಶಿವನಿಯವರು, ಲಿಂಗದಹಳ್ಳಿಯವರು, ಆಮೇಲೆ ಅಜ್ಜಂಪುರದವರು, ಹೀಗೆ ಮೂರು ಸಲ ಹೆಣ್ಣು ನೋಡುವ ದಿನ ಗೊತ್ತಾಯಿತು. ಬೀರೂರಿನಲ್ಲಿ ಇಳಿದವರನ್ನು ಎದುರುಗೊಂಡು ಕರೆತರುವುದು ಸೋದರಮಾವನ ಕೆಲಸ. ಮೂರು ಸಲವೂ ಮಾವ ಒಬ್ಬನೇ ಬಂದ! "ಏನೋ ಅಡಚಣೆಯಂತೆ ಭಾವ, ವಾಪಸ್ ಹೋದ್ರು," ಎಂದು ಅವರ ಪಾಲಿನ ಕೇಸರಿಬಾತನ್ನೂ ತಾನೇ ತಿಂದ. ನನ್ನ ವಾದದ ಖ್ಯಾತಿಗೆ ಹೆದರಿ ಓಡಿದರೆಂದು ನಾನು ಬೀಗಿದೆ.

ಮೊನ್ನೆ ಗೆಳತಿಯ ಮನೆಯಿಂದ ಹಿಂತಿರುಗುವಾಗ ಶಿವನಿ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಹತ್ತಿರ ಬಂದರು.

"ಕಡೂರಿನ ಹುಡುಗಿ ಅಲ್ವೇನಮ್ಮಾ? ನಿನ್ನ ನೋಡಕ್ಕೆ ಹೊರಟಿದ್ದೋರು ನಾವೇ, ಫೋಟೋದಲ್ಲಿ ನೋಡಿದ್ದೆ. ನಿಮ್ಮ ಮಾವ ಈಗ ಹುಷಾರಾ?"

"ಅವ್ರಿಗೇನಾಗಿತ್ತು?"

"ಅಯ್ಯೋ, ಬೀರೂರು ಪ್ಲಾಟ್‌ಫಾರಂನಲ್ಲಿ ಟೀ ಕೊಡ್ಸಿ ಕೂರಿಸ್ಕೊಂಡು, ಯಾರೋ ಇಂಗ್ಲೆಂಡ್ನೋನ ಮಂಡಿ ಕತೆ ಎರಡು ಗಂಟೆ ಹೇಳಿದ್ರು ಕಣಮ್ಮ! ಎದ್ರೆ ಕೈ ಹಿಡ್ದು ಕೂರಿಸೋರು. ಹೆಣ್ಣಿನ ವಂಶದಲ್ಲೇ ಹಿಂಗೈತೆ ಅಂತ ನಮ್ಮೋರು ಹೆದರ್ಕೊಂಡು ಸಿಕ್ಕಿದ ರೈಲು ಹತ್ಬಿಟ್ರು! ಲಿಂಗದಹಳ್ಳಿ, ಅಜ್ಜಂಪುರದೋರ್ಗೂ ಹಿಂಗೇ ಆಯ್ತಂತೆ."

ನಾನು ಬೀರೂರಿನಲ್ಲೇ ಇಳಿದೆ. ಮಾವ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಮೂರು ಊರಲ್ಲೂ ನಿನ್ನ ಹುಚ್ಚ ಅಂತಾರಲ್ಲ ಮಾವ!"

"ಅನ್ಲಿ ಬಿಡು. ಗೋಲ್ ಆಯ್ತೇನೇ?"

"ನಂಗಾದ್ರೂ ಹೇಳ್ಬಾರ್ದಿತ್ತಾ?"

ಮಾವ ಮಡಿಲಿನ ಸಿಪ್ಪೆಗಳನ್ನು ಕೊಡವಿದ. "ನಿಮ್ಮಮ್ಮಂಗೆ ಟೀಚರ್ ಆಗ್ಬೇಕು ಅಂತಿತ್ತು. ಪರೀಕ್ಷೆಗೆ ಇನ್ನೊಂದೇ ತಿಂಗಳು. ಅವಳ್ನ ನೋಡಕ್ಕೆ ಬಂದೋರ್ನ ಸ್ಟೇಷನ್ನಿಂದ ಕರ್ಕೊಂಡ್ ಬಂದೋನು ನಾನೇ ಕಣೇ. ಅವರ ಬ್ಯಾಗನ್ನೂ ನಾನೇ ಹೊತ್ಕೊಂಡು, ಖುಷಿಯಾಗಿ..."

ಮೂಗುಜ್ಜಿಕೊಂಡ. "ಅದೊಂದು ಬಿಡು."

ಪಕ್ಕದಲ್ಲಿ ಕೂತು ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡೆ.

"ಮಾವ, ನಮ್ಮೋನ ಕತೆ ಮೊದ್ಲಿಂದ ಹೇಳು."

"ಕಡೂರು ಬಸ್ ತಪ್ಪೋಗುತ್ತೆ ಕಣೇ."

"ತಪ್ಲಿ. ಹದಿನಾರಕ್ಕೇ ಓಟ ಸಾಲ್ದು ಅಂದ್ಬಿಟ್ರು. ಆಮೇಲೆ?"