ನಾಲಿಗಿ ಮುರಿದ ವಾಯರ್

ಕಂಪ್ಯೂಟರ್ ಇರುವ ಆಫೀಸಿನಲ್ಲಿ ಕಸ ಗುಡಿಸುವವರಿಗೆ ನಗಲಿಕ್ಕೆ ವಾರಕ್ಕೊಮ್ಮೆಯಾದರೂ ಏನೋ ಒಂದು ಸಿಗುತ್ತದೆ. ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯಬೇಕು, ಅಷ್ಟೇ. ನಾನು ಹನ್ನೊಂದು ವರ್ಷ ಹಿಡಿದೆ. ಈಗ ಕೆಲಸ ಬಿಟ್ಟಾಯಿತು, ಇನ್ನು ಯಾರಿಗೆ ಅಂಜಿ ಹಿಡಿಯಲಿ? ಸಾಲಿಯ ಮೆಟ್ಟಿಲು ಹತ್ತಿದವಳಲ್ಲ ನಾನು, ಒಂದಕ್ಷರವೂ ಓದಲು ಬಾರದು. ನಾನು ಹೇಳುತ್ತೇನೆ, ಮಗಳ ಮಗಳು ಬರೆದುಕೊಳ್ಳುತ್ತಾಳೆ. ಯಾವ ಆಫೀಸು ಅಂತ ಮಾತ್ರ ಕೇಳಬೇಡಿ. ಜಮಖಂಡಿಯಿಂದ ಬೀಳಗಿ ಕಡೆ ಹೋಗುವಾಗ ಎಲ್ಲೋ ಒಂದು ಅಂತ ಇಟ್ಟುಕೊಳ್ಳಿ.

ನನ್ನ ತವರು ಬನಹಟ್ಟಿ, ನೇಕಾರರ ಮನೆ. ಕೊಟ್ಟ ಊರು ಹೊಳೆದಂಡೆಯದು. ಡ್ಯಾಮಿನ ನೀರು ಬಂತು, ಊರು ಮುಳುಗಿತು. ಹೊಸ ಊರಲ್ಲಿ ಒಂದು ಪ್ಲಾಟು ತೋರಿಸಿ "ಕಟ್ಟಿಕೋರಿ" ಅಂದರು. ಎರಡು ಕೋಣೆ ಕಟ್ಟಿಕೊಂಡೆವು. ಹಕ್ಕುಪತ್ರ ಮಾತ್ರ ಕೊಡಲಿಲ್ಲ. ಹಕ್ಕುಪತ್ರ ಇಲ್ಲದ ಮನೆಯೆಂದರೆ ಯಾವತ್ತು ಬೇಕಾದರೂ "ಏಳ್ರಿ" ಅನ್ನಿಸಿಕೊಳ್ಳುವ ಮನೆ. ಒಂದು ಸಲ ಅನ್ನಿಸಿಕೊಂಡು ಎದ್ದು ಬಂದವಳಿಗೆ ಆ ಮಾತಿನ ರುಚಿ ಗೊತ್ತು.

ಆ ಹಕ್ಕುಪತ್ರ ಬರಬೇಕಾದದ್ದು ಇದೇ ಆಫೀಸಿನಿಂದ. ಅರ್ಜಿ ಹಿಡಿದು ಓಡಾಡುತ್ತಲೇ ಗಂಡ ತೀರಿಕೊಂಡ. ನಾನೂ ಓಡಾಡಿ ಸಾಕಾಗಿ, ಕಡೆಗೆ ಅಲ್ಲೇ ಕಸಬರಿಗೆ ಹಿಡಿದು ನಿಂತೆ. ಒಳಗೇ ಇದ್ದರೆ ಬೇಗ ಸಿಗುತ್ತದೆ ಅಂದುಕೊಂಡಿದ್ದೆ. ನಗುವುದಿದ್ದರೆ ಇಲ್ಲಿಂದಲೇ ಶುರು ಮಾಡಬಹುದು.

ಕಿತ್ತು ನೋಡುವ ವಿದ್ಯೆ

ಹಿಂದಿನ ಕೋಣೆಗೆ ಗಾಜಿನ ಬಾಗಿಲು ಹಾಕಿ, ಏಸಿ ಕೂಡಿಸಿ, ಒಂದು ಕರಿ ಪೆಟ್ಟಿಗೆ ಇಟ್ಟಿದ್ದರು. ಸರ್ವರ್ ಅನ್ನುತ್ತಾರೆ ಅದಕ್ಕೆ. ಮುಳುಗಡೆಯಾದ ಎಲ್ಲರ ಹೆಸರು, ಎಲ್ಲರ ಪ್ಲಾಟು ಅದರ ಹೊಟ್ಟೆಯಲ್ಲಿ. ನನ್ನ ಮನೆಯೂ ಅದರ ಹೊಟ್ಟೆಯಲ್ಲೇ. ಅದಕ್ಕೇ ನಾನು ಬೇರೆ ಕೋಣೆಗೆ ಒಂದು ಸಲ ಬಟ್ಟೆ ಆಡಿಸಿದರೆ ಅದಕ್ಕೆ ಎರಡು ಸಲ.

ಅದರ ಬೆನ್ನಿಗೆ ಸಾಲಾಗಿ ನಾಲ್ಕು ಕಿಂಡಿ. ಒಂದರಿಂದ ಕೌಂಟರಿಗೆ ವಾಯರ್, ಒಂದರಿಂದ ಸಾಹೇಬರ ಕೋಣೆಗೆ, ಬಲತುದಿಯದರಿಂದ ಜಿಲ್ಲೆಯ ದೊಡ್ಡ ಆಫೀಸಿಗೆ. ಇನ್ನೊಂದು ಖಾಲಿ. ಕಿಂಡಿಗೊಂದು ಹಸಿರು ದೀಪ. ವಾಯರಿನಲ್ಲಿ ಜೀವ ಇದ್ದರೆ ಮಿಣುಕುತ್ತದೆ, ಇಲ್ಲದಿದ್ದರೆ ಇಲ್ಲ. ಧೂಳು ಒರೆಸಿದ ಮೊದಲ ವಾರದಲ್ಲೇ ಇಷ್ಟು ನನಗೆ ತಿಳಿದಿತ್ತು.

ಒಂದು ದಿನ ಜಿಲ್ಲೆಯ ಲೈನು ಹೋಯಿತು. ಹುಬ್ಬಳ್ಳಿಯಿಂದ ಎಂಜಿನಿಯರ್ ಬಂದ. ಮುಂದೆ ಪರದೆಯ ಮೇಲೆ ನಾಲ್ಕು ಹೆಸರು, ಹಿಂದೆ ನಾಲ್ಕು ಕಿಂಡಿ. ಯಾವ ಹೆಸರು ಯಾವ ಕಿಂಡಿಯದು ಅಂತ ಎಲ್ಲೂ ಬರೆದಿಲ್ಲ. ಬೆಳಗಿನಿಂದ ಊಟದ ಹೊತ್ತಿನ ತನಕ ಕುಟ್ಟಿದ. ನಾನು ನೆಲ ಒರೆಸುತ್ತ ಅಂದೆ:

"ಯಪ್ಪಾ, ಬಲತುದೀದು ಮಿಣಕವಲ್ದು ನೋಡು."

"ನೀ ನೆಲಾ ಒರಸ ಬೇ ಆಯಿ. ಇದು ನಿನಗ ತಿಳಿಯೂದಲ್ಲ." ಆಮೇಲೆ ಹೆಡ್ ಕ್ಲಾರ್ಕಿನ ಕಡೆ ತಿರುಗಿದ. "ಇದಕ್ಕ ಒಂದ ದಾರಿ ಐತ್ರಿ. ಒಂದೊಂದ ಕಿತ್ತ ನೋಡೂದು. ಯಾರ ಚೀರತಾರೋ ಅವರದು."

ಒಂದು ಕಿತ್ತ. ಕೌಂಟರಿನವರು ಚೀರಿದರು. ಇನ್ನೊಂದು ಕಿತ್ತ. ಕ್ರಿಕೆಟ್ ಸ್ಕೋರು ನೋಡುತ್ತಿದ್ದ ಸಾಹೇಬರು ಅವರಿಗಿಂತ ಜೋರಾಗಿ ಚೀರಿದರು. ಬಲತುದಿಯದನ್ನು ಕಿತ್ತಾಗ ಯಾರೂ ಚೀರಲಿಲ್ಲ. ಸತ್ತದ್ದು ಅದೇ. ಆದರೆ ಎಳೆದ ಭರಕ್ಕೆ ವಾಯರಿನ ತುದಿಯ ಪ್ಲಾಸ್ಟಿಕ್ ನಾಲಿಗೆ ಲಟಕ್ಕಂತ ಮುರಿಯಿತು. ವಾಯರನ್ನು ಕಿಂಡಿಯಲ್ಲಿ ಕಚ್ಚಿ ಹಿಡಿಯುವುದೇ ಆ ನಾಲಿಗೆ. ಹಾಗೇ ಒತ್ತಿ ಕೂಡಿಸಿದ. ದೀಪ ಹತ್ತಿತು. ವಾಯರ್ ಸಡಿಲಾಗಿತ್ತು, ಅಷ್ಟೇ.

ರಜಿಸ್ಟರಿನಲ್ಲಿ "ಗಂಭೀರ ದೋಷ ಪತ್ತೆಹಚ್ಚಿ ಸರಿಪಡಿಸಲಾಗಿದೆ" ಅಂತ ಬರೆದು ಹೋದ. ಹೊಸ ವಾಯರ್ ಬೇಕು ಅಂತ ಹೆಡ್ ಕ್ಲಾರ್ಕ್ ಒಂದು ಅರ್ಜಿ ಬರೆದು ರ‍್ಯಾಕಿನಲ್ಲಿಟ್ಟ. ನನ್ನ ಗಂಡನ ಅರ್ಜಿಗೆ ಒಂದು ಜೊತೆಯಾಯಿತು.

ಸೊನ್ನೆಯಿಂದ ಎಣಿಕೆ

ಆ ಪೆಟ್ಟಿಗೆಗೆ ಎಣಿಸಲು ಯಾರು ಕಲಿಸಿದರೋ, ಒಂದು ಎರಡು ಅನ್ನುವುದಿಲ್ಲ. ನಾಲ್ಕು ಕಿಂಡಿಗೆ ಸೊನ್ನೆ, ಒಂದು, ಎರಡು, ಮೂರು ಅನ್ನುತ್ತದೆ.

ಇದು ತಿಳಿಯದೆ ಒಂದು ಸಲ ಸಾಹೇಬರು ತಾವೇ ರಿಪೇರಿಗೆ ಇಳಿದರು. ಎಂಜಿನಿಯರ್ ಫೋನಿನಲ್ಲಿ "ಕೌಂಟರಿನ ವಾಯರ್ ಒಂದನೇದಕ್ಕ ಹಾಕ್ರಿ" ಅಂದ. ಇವರು ಎಡಗಡೆಯಿಂದ ಒಂದು ಅಂತ ಎಣಿಸಿ ಹಾಕಿದರು. ಕೌಂಟರು ಎರಡು ದಿನ ಮಲಗಿತು. ಹೊರಗೆ ಬುತ್ತಿ ಕಟ್ಟಿಕೊಂಡು ಬಂದ ಮಂದಿ ಪಾಳಿಯಲ್ಲಿ ನಿಂತಿದ್ದರು. ಮೂರನೇ ದಿನ ಸಾಹೇಬರು ಫೋನಿನಲ್ಲಿ ಒದರಾಡುವುದು ಪಾಳಿಯ ತನಕ ಕೇಳಿಸಿತು: "ಮೊದಲನೇದು ಅಂದ್ರ ಒಂದಲ್ಲೇನ್ರಿ? ಏನು? ಮೊದಲನೇದು ಸೊನ್ನಿ?"

ಪಾಳಿಯ ಮುಂದಿದ್ದ ಮುದುಕ ನನ್ನ ಕೇಳಿದ: "ಏನ ಬೇ ಯವ್ವಾ, ಮೊದಲನೇದಕ್ಕ ಯಾರರ ಸೊನ್ನಿ ಅಂತಾರೇನ?"

"ಕಾಕಾ, ಊರ ಬಿಡ್ರಿ ಅಂದಾಗ ಮೊದಲ ಎದ್ದವರ ಯಾರು?"

"ನಾವ. ನಮ್ಮ ಓಣಿನ ಮೊದಲು."

"ಹಕ್ಕುಪತ್ರ ಎಷ್ಟ ಬಂದಾವು ನಿಮ್ಮ ಓಣಿಗೆ?"

ಮುದುಕ ಎಣಿಸಲು ಕೈ ಎತ್ತಿದ. ಒಂದು ಬೆರಳೂ ಮಡಿಸದೆ ಇಳಿಸಿದ.

"ಮಷಿನ್ನಿನ ಲೆಕ್ಕ ಬರೋಬ್ಬರಿ ಐತಿ ಬಿಡ ಬೇ" ಅಂದ.

ಬನಹಟ್ಟಿಯ ದಾರ

ನನ್ನ ತವರಿನಲ್ಲಿ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಹಾಸಿನ ಎಳೆ ತೊಡಕಾದರೆ ಅಪ್ಪ ಆ ತುದಿಯಲ್ಲಿ ನಿಂತು ಒಂದು ಎಳೆ ಮೆಲ್ಲಗೆ ಜಗ್ಗುತ್ತಿದ್ದ. ಈ ತುದಿಯಲ್ಲಿ ಯಾವುದು ಅಲುಗಿತೋ ಅದಕ್ಕೆ ನಾನು ಬಣ್ಣದ ದಾರ ಕಟ್ಟುತ್ತಿದ್ದೆ. ಸಾವಿರ ಎಳೆಯಲ್ಲಿ ಒಂದನ್ನು ಹಿಡಿಯುತ್ತಿದ್ದೆವು. ಇಲ್ಲಿ ಇರುವುದೇ ಮೂರು, ಅದಕ್ಕೆ ಹುಬ್ಬಳ್ಳಿಯಿಂದ ಮಂದಿ ಬರಬೇಕು!

ತವರಿಗೆ ಹೋದಾಗ ಮಗ್ಗದ ಕೆಳಗೆ ಬಿದ್ದ ದಾರದ ತುಂಡು ತಂದೆ. ಕೌಂಟರಿನ ವಾಯರಿಗೆ ಕೆಂಪು, ಸಾಹೇಬರದಕ್ಕೆ ಹಳದಿ, ಜಿಲ್ಲೆಯದಕ್ಕೆ ಹಸಿರು ಕಟ್ಟಿದೆ. ನಾಲ್ಕು ತಿಂಗಳು ಯಾರೂ ಏನನ್ನೂ ಕೀಳಲಿಲ್ಲ, ಯಾರೂ ಚೀರಲಿಲ್ಲ.

ಆಮೇಲೆ ಒಂದು ದಿನ ಹೆಡ್ ಕ್ಲಾರ್ಕ್ ಬಿದ್ದ ಪೆನ್ನು ಎತ್ತಲು ಪೆಟ್ಟಿಗೆಯ ಹಿಂದೆ ಬಗ್ಗಿದ. ಬಗ್ಗಿದವ ಎದ್ದದ್ದೇ ಬೆವೆತುಕೊಂಡು.

"ಸಾಹೇಬ್ರ, ಯಾರೋ ಮಾಟಾ ಮಾಡ್ಯಾರ್ರಿ! ಕೆಂಪು, ಹಳದಿ, ಹಸರು ಮೂರೂ ಕಟ್ಯಾರ! ಅದಕ್ಕ ನೋಡ್ರಿ ಒಂದೂ ಹಕ್ಕುಪತ್ರ ಹೊರಗ ಬರವಲ್ದು!"

ಸಾಹೇಬರು ದೊಡ್ಡ ಓದು ಓದಿದವರು. ಅವರೂ ಎರಡು ಹೆಜ್ಜೆ ಹಿಂದೆ ಸರಿದರು.

"ಮಾಟಾ ಅಲ್ಲರಿ ಯಪ್ಪಾ," ನಾನಂದೆ, "ಗುರ್ತಿಗಿ ಇರ್ಲಿ ಅಂತ ನಾನ ಕಟ್ಟೇನಿ."

"ಕೇಳಿದ್ರೆಲ್ಲರಿ?" ಹೆಡ್ ಕ್ಲಾರ್ಕ್ ಅಂದ. "ಒಪ್ಪಿಕೊಂಡ್ಳು!"

ಕತ್ತರಿ ತಂದು ಮೂರೂ ದಾರ ಕತ್ತರಿಸಿದ. ಅವನು ಬೀರಪ್ಪನ ಭಕ್ತ. ಕಿಸೆಯಲ್ಲಿ ಭಂಡಾರದ ಪುಡಿಕೆ ಸದಾ ಇರುತ್ತಿತ್ತು. ಕಣ್ಣು ಮುಚ್ಚಿ, ಒಂದು ಹಿಡಿ ಅರಿಶಿನದ ಪುಡಿಯನ್ನು ಪೆಟ್ಟಿಗೆಯ ಮುಖಕ್ಕೆ ಹಾರಿಸಿದ. ಆ ಪೆಟ್ಟಿಗೆಯೋ ಮುಂದಿನಿಂದ ಗಾಳಿ ಎಳೆದು ಬೆನ್ನಿನಿಂದ ಊದುವಂಥದ್ದು. ಬೆನ್ನ ಹಿಂದೆ ಇನ್ನೂ ಯಾವುದಾದರೂ ದಾರ ಉಳಿದಿದೆಯೋ ಅಂತ ಸಾಹೇಬರು ಬಗ್ಗಿ ನೋಡುತ್ತಿದ್ದರು. ಎದ್ದಾಗ ಹುಬ್ಬು, ಮೀಸೆ, ಕಿವಿ ಎಲ್ಲ ಹಳದಿ.

ಅಷ್ಟು ವರ್ಷದಲ್ಲಿ ಆ ಪೆಟ್ಟಿಗೆಯಿಂದ ಯಾರಿಗಾದರೂ ಏನಾದರೂ ಸಿಕ್ಕಿದ್ದು ಅದೇ ಮೊದಲು.

ಚೇಳು

ಎಲ್ಲ ಎಂಜಿನಿಯರುಗಳೂ ಒಂದೇ ಥರ ಅಂದರೆ ನನ್ನ ನಾಲಿಗೆಗೆ ಪಾಪ ಹತ್ತುತ್ತದೆ. ಮುಧೋಳದ ಕಡೆಯ ಒಬ್ಬಳು ಬಂದಿದ್ದಳು, ನನ್ನ ಮಗಳ ವಾರಿಗೆಯವಳು. ಪೆಟ್ಟಿಗೆಯನ್ನು ಬಂದ್ ಮಾಡಿ ಚಾಲೂ ಮಾಡಿದ್ದೇ ತಡ, ಕಿಂಡಿಗಳ ಹೆಸರು ಅದಲುಬದಲಾಗಿದ್ದವು. ಸೊನ್ನೆ ಇದ್ದದ್ದು ಎರಡು, ಎರಡು ಇದ್ದದ್ದು ಸೊನ್ನೆ. ಅವಳು ಪರದೆ ಬಿಟ್ಟು ನನ್ನ ಕೇಳಿದಳು:

"ಆಯಿ, ದಿನಾ ನೋಡಾಕಿ ನೀನು. ಯಾವ ವಾಯರ್ ಯಾವ ಕಡಿ ಹೋಗತೈತಿ?"

ಹೇಳಿದೆ. ಕತ್ತರಿಸಿದ ದಾರದ ಕಥೆಯನ್ನೂ ಹೇಳಿದೆ. ನಕ್ಕಳು. "ಮತ್ತ ಕಟ್ಟ ಆಯಿ. ಯಾರರ ಕೇಳಿದ್ರ ನಾ ಹೇಳೇನಿ ಅನ್ನು" ಅಂದಳು. ಹೋಗುವಾಗ ಒಂದು ಮಾತು ಕಲಿಸಿದಳು: "ಇವುಗಳ ಹೆಸರ ನಂಬಬಾರದು. ಎದ್ದಾಗೊಮ್ಮೆ ಬದಲಾಕ್ಕಾವು. ಆದ್ರ ಒಂದೊಂದು ಕಿಂಡಿಗೂ ಫ್ಯಾಕ್ಟರಿಯೊಳಗ ಹುಟ್ಟಿದಾಗ ಒಂದ ನಂಬರ್ ಹಾಕಿರತಾರ. ಅದು ಸಾಯೂತನಕ ಬದಲಾಗೂದಿಲ್ಲ. ಗುರ್ತ ಹಿಡಿಯೂದು ಅದರಿಂದ."

ನನ್ನ ಕಥೆಯೂ ಅದೇ ಅಲ್ಲವೇ ಅನ್ನಿಸಿತು. ಮೊದಲ ಸರ್ವೆಯಲ್ಲಿ ನನಗೊಂದು ನಂಬರು, ಎರಡನೆಯದರಲ್ಲಿ ಇನ್ನೊಂದು. ಮೂರನೆಯದರಲ್ಲಿ ನನ್ನ ಅತ್ತೆಯ ಹೆಸರು ಬರೆದು ನನ್ನ ವಯಸ್ಸು ಹಾಕಿದ್ದರು. ನಂಬರು ಕೂಡುವುದಿಲ್ಲ ಅಂತ ಅರ್ಜಿ ನಿಂತಿತ್ತು. ಮೂರರಲ್ಲೂ ಬದಲಾಗದೆ ಉಳಿದದ್ದು ಒಂದೇ: "ಗುರುತು, ಎಡ ಮುಂಗೈ ಮೇಲೆ ಚೇಳಿನ ಹಚ್ಚೆ." ಸಣ್ಣವಳಿದ್ದಾಗ ಹಾಕಿಸಿದ್ದು, ಅಳಿಸುವಂಥದ್ದಲ್ಲ. ಮರುದಿನವೇ ತೋಳು ಏರಿಸಿಕೊಂಡು ಹೋಗಿ ಹೆಡ್ ಕ್ಲಾರ್ಕಿನ ಟೇಬಲ್ಲಿನ ಮೇಲೆ ಕೈ ಇಟ್ಟೆ.

"ನೋಡ್ರಿ, ಬೇಕಾದ್ರ ತಿಕ್ಕಿ ನೋಡ್ರಿ. ನಾನ ಆಕಿ."

ಹೆಡ್ ಕ್ಲಾರ್ಕ್ ಕೈಯನ್ನೂ ನೋಡಿದ, ಫೈಲನ್ನೂ ನೋಡಿದ. "ಖರೆ ಐತಿ. ಆದ್ರ ಕೈ ಫೈಲಿನ್ಯಾಗ ಇಡಾಕ ಬರೂದಿಲ್ಲಲ್ಲ ಬೇ ಆಯಿ. ಝರಾಕ್ಸ್ ಬೇಕು."

ಝರಾಕ್ಸ್ ಮಷಿನ್ನಿನ ಮೇಲೆ ಕೈ ಇಟ್ಟೆ. ಮುಚ್ಚಳ ಮುಚ್ಚಿದರು. ಬೆಳಕು ಹೋಯಿತು, ಬಂತು. ಕಾಗದದ ತುಂಬ ಕರಿ. ಅದನ್ನೂ ಫೈಲಿಗೆ ಹಚ್ಚಿದರು. ತಿಂಗಳಾದ ಮೇಲೆ ಜಿಲ್ಲೆಯಿಂದ ಉತ್ತರ ಬಂತು: "ಚೇಳು ಸ್ಪಷ್ಟವಿಲ್ಲ."

ಆ ಚೇಳಿಗೆ ಕಡಿಯಲು ಬರುತ್ತಿದ್ದರೆ ಆವತ್ತು ಸ್ಪಷ್ಟವಾಗುತ್ತಿತ್ತು.

ಗೈರು

ಅಂತೂ ಹಕ್ಕುಪತ್ರ ಹಂಚುವ ದಿನ ಬಂತು. ನನ್ನ ಅರ್ಜಿಯ ಸಲುವಾಗಿ ಮುಧೋಳದ ಎಂಜಿನಿಯರ್ ಹುಡುಗಿ ಜಿಲ್ಲೆಗೆ ಬರೆದು ಕಳಿಸಿದ ಟಿಪ್ಪಣಿಯಿಂದಲೋ, ಚುನಾವಣೆ ಹತ್ತಿರ ಬಂದದ್ದರಿಂದಲೋ, ನನ್ನ ಹೆಸರೂ ಯಾದಿಯಲ್ಲಿ ಸೇರಿತ್ತು. ಅಂಗಳದಲ್ಲಿ ಪೆಂಡಾಲು, ಮೈಕು, ಕುರ್ಚಿ, ಕುರ್ಚಿಯ ಮೇಲೆ ಹಾರ ಹಾಕಿಸಿಕೊಂಡ ದೊಡ್ಡವರು. ಹಕ್ಕುಪತ್ರ ಒಂದೊಂದಾಗಿ ಜಿಲ್ಲೆಯಿಂದ ಲೈನಿನಲ್ಲಿ ಬರಬೇಕು, ಇಲ್ಲಿ ಪ್ರಿಂಟಾಗಬೇಕು, ಹೆಸರು ಕೂಗಬೇಕು. ಮೂರು ಸಲ ಕೂಗಿದರೂ ಬಾರದವರು ಗೈರು, ಅವರ ಕಾಗದ ಜಿಲ್ಲೆಗೆ ವಾಪಸು.

ನಾನು ತವರಿನ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ. ಹತ್ತು ಹೆಸರು ಆಗಿರಲಿಲ್ಲ, ಹೆಡ್ ಕ್ಲಾರ್ಕ್ ಓಡಿ ಬಂದ.

"ಆಯಿ, ಲೈನ್ ಹೋತು! ಯಾವದ ಬೇ ಜಿಲ್ಲಾದ್ದು?"

ಹೋಗಿ ನೋಡಿದರೆ ನಾನು ಮತ್ತೆ ಕಟ್ಟಿದ್ದ ಹಸಿರು ದಾರದ್ದು, ನಾಲಿಗೆ ಮುರಿದದ್ದು, ಕಿಂಡಿಯಿಂದ ಜೋತು ಬಿದ್ದಿತ್ತು. ಹೊಸ ವಾಯರಿನ ಅರ್ಜಿ ಇನ್ನೂ ರ‍್ಯಾಕಿನಲ್ಲೇ ಇತ್ತು. ಒತ್ತಿ ಹಿಡಿದರೆ ದೀಪ ಹತ್ತುತ್ತದೆ, ಬಿಟ್ಟರೆ ಆರುತ್ತದೆ.

"ಹಂಗ ಹಿಡಕೊಂಡ ಕುಂದರ ಬೇ, ಬಿಡಬ್ಯಾಡ" ಅಂದವನೇ ಬಾಗಿಲು ಎಳೆದುಕೊಂಡು ಹೋದ.

ಕುಕ್ಕರಗಾಲಿನಲ್ಲಿ ಕೂತು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಮೈಕಿನಲ್ಲಿ ಒಂದೊಂದೇ ಹೆಸರು, ಒಂದೊಂದೇ ಚಪ್ಪಾಳೆ. ಸೊನ್ನೆ ಎಣಿಸಿದ ಆ ಮುದುಕನ ಹೆಸರೂ ಬಂತು. ಖುಷಿಯಾಯಿತು. ಅದರ ಹಿಂದೆಯೇ ಬಂತು:

"ಕಾಶವ್ವ!"

ನಾನೇ. "ಇಲ್ಲೇ ಇದ್ದೇನ್ರೀ!" ಅಂತ ಕೂಗಿದೆ. ಗಾಜಿನ ಬಾಗಿಲು, ಏಸಿಯ ಸದ್ದು. ಯಾರಿಗೆ ಕೇಳಬೇಕು? ಎರಡನೇ ಸಲ ಕೂಗಿದರು. ಕೈ ಬಿಟ್ಟರೆ ಉಳಿದವರ ಕಾಗದ ನಿಲ್ಲುತ್ತದೆ, ಬಿಡದಿದ್ದರೆ ನನ್ನದು ಹೋಗುತ್ತದೆ. ಮೂರನೇ ಸಲ ಕೂಗಿದರು. ಆಮೇಲೆ ಮೈಕಿನಲ್ಲಿ ತಣ್ಣಗೆ ಒಂದು ಮಾತು: "ಗೈರು."

ಮೊದಲ ಎಂಜಿನಿಯರ್ ಹೇಳಿದ್ದು ನೆನಪಾಯಿತು. ಯಾವುದು ಯಾರದು ಅಂತ ತಿಳಿಯದಿದ್ದರೆ ಕಿತ್ತು ನೋಡಬೇಕು, ಯಾರು ಚೀರುತ್ತಾರೆ ಅಂತ.

ಕಿತ್ತೆ.

ಎಲ್ಲರೂ ಚೀರಿದರು. ಪ್ರಿಂಟರಿನವ ಚೀರಿದ, ಹೆಡ್ ಕ್ಲಾರ್ಕ್ ಚೀರಿದ, ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಓಡಿ ಬಂದರು. "ಆಯಿ! ಯಾಕ ಬಿಟ್ಟಿ ಬೇ?"

"ನಾ ಗೈರ ಇದ್ದೇನ್ರಿ ಸಾಹೇಬ್ರ. ಈಗರ ಮೈಕಿನ್ಯಾಗ ಹೇಳಿದ್ರಿ. ಗೈರ ಇದ್ದಾಕಿ ವಾಯರ್ ಹೆಂಗ ಹಿಡೀಲಿ?"

ಹೆಡ್ ಕ್ಲಾರ್ಕ್ ಯಾದಿ ನೋಡಿದ, ನನ್ನ ನೋಡಿದ. "ಕಾಶವ್ವ ಅಂದ್ರ ನೀನ ಏನ ಬೇ?"

ಹನ್ನೊಂದು ವರ್ಷ ದಿನಾ ನನ್ನ ಕೈಯ ಚಹಾ ಕುಡಿದವ ಅವನು, ಅದೇ ಕೈಯ ಚೇಳನ್ನು ಫೈಲಿಗೆ ಹಚ್ಚಿದವನೂ ಅವನೇ.

"ಹೌದ್ರಿ. ಕಿತ್ತ ಮ್ಯಾಲ ಗುರ್ತ ಸಿಕ್ಕತು ನೋಡ್ರಿ."

ಸಾಹೇಬರು "ಆತು, ಹೋಗ, ಲಗೂನ ತಗೊಂಡ ಬಾ" ಅಂದರು. ವಾಯರ್ ಹಿಡಿಯುವವರು ಯಾರು? ಹೆಡ್ ಕ್ಲಾರ್ಕಿಗೆ ಯಾದಿ ಇತ್ತು, ಪ್ರಿಂಟರಿನವನಿಗೆ ಪ್ರಿಂಟರು. ಕೈ ಖಾಲಿ ಇದ್ದವರು ಸಾಹೇಬರೊಬ್ಬರೇ. ಯಾವತ್ತೂ ಖಾಲಿ ಇರುತ್ತಿದ್ದದ್ದು ಅವರದೇ. ನಾನು ಕೂತಿದ್ದ ಜಾಗದಲ್ಲೇ ಕುಕ್ಕರಗಾಲಿನಲ್ಲಿ ಕೂತು ಹೆಬ್ಬೆರಳು ಇಟ್ಟರು. ದೀಪ ಹತ್ತಿತು.

ನಾನು ಹೊರಗೆ ಹೋಗಿ ಹೆಬ್ಬೆಟ್ಟು ಒತ್ತಿ ಕಾಗದ ತೆಗೆದುಕೊಂಡೆ. ತಿರುಗಿ ಬಂದು ಬಾಗಿಲ ಹೊರಗೇ ನಿಂತು, ಎರಡೂ ಕೈಯಲ್ಲಿ ಹಿಡಿದು, ಮೇಲಿನ ಸಾಲಿನಿಂದ ಶುರು ಮಾಡಿದೆ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಮೆಲ್ಲಗೆ ಕೆಳಗೆ ಬಂದೆ. ಕೆಳಗೆ ಬಂದವಳು ಮತ್ತೆ ಮೇಲೆ ಹೋದೆ.

"ಆಯಿ," ಒಳಗಿನಿಂದ ಸಾಹೇಬರು ಕೂಗಿದರು, "ಮಣಕಾಲ ನೋಯಾಕತ್ತಾವ ಬೇ! ಬಿಡ್ಲೇನು?"

"ಬಿಡಬ್ಯಾಡ್ರೀ ಸಾಹೇಬ್ರ, ದೀಪ ಆರತೈತಿ," ನಾನಂದೆ. "ನಾ ಇನ್ನಾ ಓದಾಕತ್ತೇನಿ."